ಆ ಪೀಪಿ ಬಂದ್ ಮಾಡವ್ವ

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಕೊಪ್ಪಳಕ್ಕೆ, ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವನಿಗೆ 79 ವರ್ಷ. ಎರಡು ತಿಂಗಳು ಮಾತೇ ಇಲ್ಲ. "ಉಂಡೇನಪ್ಪಾ?" ಅಂದರೆ "ಹ್ಞೂಂ", ಅಷ್ಟೇ. ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಹಾಡು-ಗೀಡು ಕೇಳಿಸಿ ಅಂತಲೂ ಹೇಳಿದರು.

ನಾನು ಮೊಬೈಲಿನಲ್ಲಿ 'ಮನಸ್ಸಿಗೆ ನೆಮ್ಮದಿ' ಅಂತ ಬರೆದಿದ್ದ ಕೊಳಲು ಹಾಕಿದೆ. ಮೂರನೇ ದಿನ ಅಪ್ಪ ಬಾಯಿ ಬಿಟ್ಟ: "ಆ ಪೀಪಿ ಬಂದ್ ಮಾಡವ್ವ, ತಲಿ ನೋಯಾಕತೈತಿ." ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ಏರು ದನಿಗಳನ್ನು. ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಕಿವಿ ಕೊರೆದಂತಾಗುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು.

ದುಃಖದ ಹಾಡು ಮಾತ್ರ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಅಳುತ್ತಾನೆ ಅಂತ ಹೆದರಿಕೆ.

ಮೊಹರಂ ಬಂತು. ಅಪ್ಪನ ಊರು ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹತ್ತಿರ. ಮುದಗಲ್ಲಿನ ಮೊಹರಂ ಅಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಮೊಹರಂಗೆ ನಮ್ಮ ಕಡೆ ಅಲಾಯಿ ಹಬ್ಬ ಅಂತಾರೆ; ಅಲ್ಲಿ ಅದಕ್ಕೆ ಹಿಂದೂ, ಮುಸ್ಲಿಂ ಅಂತ ಯಾರೂ ಕೇಳುವುದಿಲ್ಲ. ಅಪ್ಪ ಹರೆಯದಲ್ಲಿ ಮೇಳ ಕಟ್ಟಿಕೊಂಡು ರಾತ್ರಿಯೆಲ್ಲ ರಿವಾಯತ್ ಪದ, ಅಂದರೆ ಮೊಹರಂ ಹಾಡು, ಹಾಡುತ್ತಿದ್ದನಂತೆ. ಅವ್ವ ಅದನ್ನು ಹೇಳುವಾಗ ಸ್ವಲ್ಪ ಸಿಟ್ಟೇ ಇರುತ್ತಿತ್ತು.

ಅವತ್ತು ಮಗ ಹಬ್ಬದ ವಿಡಿಯೋ ನೋಡುತ್ತಿದ್ದ. ಹಲಗಿ ಸದ್ದು ಕೇಳಿ ಅಪ್ಪ ಕೋಣೆಯಿಂದ ಎದ್ದು ಬಂದ. ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಆಮೇಲೆ ದನಿ ಎತ್ತಿದ. ದನಿ ಒಡೆದಿತ್ತು, ಆದರೆ ಪದ ಒಂದೂ ತಪ್ಪಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ್ದು ಮರೆಯುವ ಮನುಷ್ಯ ಅವನು! ಹದಿನೈದರಿಂದ ಇಪ್ಪತ್ತೈದರ ನಡುವೆ ಕಲಿತ ಹಾಡು ಹಾಗೆ ಉಳಿದುಬಿಡುತ್ತವೆ.

ಪದ ಕರ್ಬಲಾ ಕಾಳಗದ್ದು. 680ರಲ್ಲಿ ಅಲ್ಲಿ ನೀರಿಲ್ಲದೆ ಒದ್ದಾಡಿ, ಕಾದಾಡುತ್ತ ಸತ್ತ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರದ್ದು, ಹಿಂದೆ ಉಳಿದ ಹೆಂಗಸರ ಗೋಳಿನದ್ದು. ಎರಡನೇ ನುಡಿಗೆ ಅಪ್ಪ ಅಳತೊಡಗಿದ. ನಾನು ವಿಡಿಯೋ ನಿಲ್ಲಿಸಲು ಹೋದೆ. "ಸುಮ್ನಿರು" ಅಂದರು ನಮ್ಮ ಮನೆಯವರು. ಅವ್ವನ ಮಣ್ಣಿನ ದಿನವೂ ಅಪ್ಪ ಅತ್ತಿರಲಿಲ್ಲ. ಬಂದವರಿಗೆ ಚಹಾ ಕೊಟ್ಟಿರೋ ಇಲ್ಲೋ ಅಂತ ಕೇಳುತ್ತಾ ಓಡಾಡಿದ್ದ. ಅವತ್ತು ಅತ್ತು, ಮುಖ ತೊಳೆದು, ಮತ್ತೆ ಮೊದಲಿನಿಂದ ಹಾಡಿದ.

ಮರುದಿನ ತಾನಾಗೇ ಕೇಳಿದ: "ಮಿರ್ಚಿ ಮಂಡಕ್ಕಿ ಮಾಡ್ತೀ ಏನು?"

ಮಾತ್ರೆ ಬಿಡಿಸಿಲ್ಲ, ಅದು ನಡೆದೇ ಇದೆ. ಆದರೆ ಈಗ ಸಂಜೆ ನಾನು ನೋಟ್‌ಬುಕ್ ಹಿಡಿದು ಕೂರುತ್ತೇನೆ, ಅಪ್ಪ ಹೇಳುತ್ತಾನೆ. ನಾನು ಧಾಟಿ ತಪ್ಪಿಸಿದರೆ ಬೈಗುಳ. ಮೊನ್ನೆ ಒಂದು ನುಡಿ ನೆನಪಾಗಲಿಲ್ಲ ಅಂತ ಊರಿನ ಹಳೇ ಮೇಳದ ಗೆಳೆಯನಿಗೆ ಫೋನ್ ಹಚ್ಚಿಸಿದ. ಇಬ್ಬರಿಗೂ ಕಿವಿ ಮಂದ. ಸ್ಪೀಕರ್ ಹಾಕಿಕೊಂಡು ಅರ್ಧ ತಾಸು ಕೂಗಾಡಿದರು. ಆ ನುಡಿ ಇನ್ನೂ ಸಿಕ್ಕಿಲ್ಲ. ನಾಳೆ ಮತ್ತೆ ಹಚ್ಚಬೇಕಂತೆ.