ಪ್ಲೇಟಿನಲ್ಲಿ ಬೆಳೆದದ್ದೆಲ್ಲ ರೋಗಾಣುವಲ್ಲ

ನಮ್ಮ ಮೈಕ್ರೋಬಯಾಲಜಿ (ಸೂಕ್ಷ್ಮಾಣು ಪರೀಕ್ಷೆಯ) ಲ್ಯಾಬಿಗೆ, ಲ್ಯಾಬ್ ಟೆಕ್ನಿಷಿಯನ್ ಆಗಲು ಓದುತ್ತಾ, ಟ್ರೈನಿಂಗಿಗೆ ಬರುವ ಡಿಎಂಎಲ್‌ಟಿ, ಬಿಎಸ್ಸಿ ಎಂಎಲ್‌ಟಿ ಮಕ್ಕಳು ಮೊದಲ ವಾರ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಮೇಡಂ, ಗ್ರೋತ್ ಬಂದಿದೆ, ಯಾವ ಬಯೋಕೆಮಿಕಲ್ ಹಾಕ್ಲಿ?" ಸ್ಯಾಂಪಲನ್ನು ಪ್ಲೇಟಿನ ಮೀಡಿಯದ (ಪೋಷಕಾಂಶದ ಜೆಲ್ಲಿ) ಮೇಲೆ ಬೆಳೆಸುವುದು ಕಲ್ಚರ್, ಅದರಲ್ಲಿ ಬೆಳೆದ ಬ್ಯಾಕ್ಟೀರಿಯ ಗ್ರೋತ್, ಅದರ ಹೆಸರು ಗುರುತಿಸಲು ಹಾಕುವ ಪರೀಕ್ಷೆ ಬಯೋಕೆಮಿಕಲ್. ನಾನು ತಿರುಗಿ ಕೇಳುವುದೂ ಒಂದೇ: "ಎಲ್ಲಿಂದ ತೆಗೆದ ಸ್ಯಾಂಪಲ್? ಸ್ಮಿಯರ್ ನೋಡಿದ್ಯಾ?" ಸ್ಯಾಂಪಲನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಸ್ಮಿಯರ್.

ರಕ್ತದ ಸಕ್ಕರೆಯಂಥದ್ದನ್ನು ಅಳೆಯುವ ಬಯೋಕೆಮಿಸ್ಟ್ರಿಯಲ್ಲಿ ಮೆಷಿನ್ ಒಂದು ಅಂಕಿ ಕೊಡುತ್ತದೆ, ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಸರಿ ಇದ್ದರೆ ಅದನ್ನೇ ರಿಪೋರ್ಟ್ ಮಾಡುತ್ತೇವೆ. ಮೈಕ್ರೋಬಯಾಲಜಿಯಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಇ. ಕೋಲಿ ಎಂಬ ಬ್ಯಾಕ್ಟೀರಿಯ ಕರುಳಿನಲ್ಲಿದ್ದರೆ ಅದು ಅದರ ಜಾಗ. ಅದೇ ಇ. ಕೋಲಿ ರಕ್ತದಲ್ಲಿ ಸಿಕ್ಕರೆ ಕೈಯಲ್ಲಿರುವ ಕೆಲಸ ಬಿಟ್ಟು ವಾರ್ಡಿಗೆ ಫೋನ್ ಮಾಡಬೇಕು. ಬ್ಯಾಕ್ಟೀರಿಯದ ಹೆಸರು ಕಂಡುಹಿಡಿಯುವುದು ಕಲಿತರೆ ಬರುತ್ತದೆ. ಆ ಜಾಗದಲ್ಲಿ ಅದು ಇರಬೇಕಾದದ್ದೋ ಅಲ್ಲವೋ ಅನ್ನುವ ತೀರ್ಮಾನಕ್ಕೆ ಬರುವುದು ಕಷ್ಟದ ಭಾಗ.

ನಮಗೆ ಬರುವ ಸ್ಯಾಂಪಲ್‌ಗಳಲ್ಲಿ ಮೂತ್ರದ್ದೇ ದೊಡ್ಡ ಪಾಲು, ಹೆಚ್ಚು ಕೆಡುವುದೂ ಅದೇ. ಕ್ಯಾಲಿಬ್ರೇಟೆಡ್ ಲೂಪ್ (ಅಳತೆಯ ತಂತಿ ಕುಣಿಕೆ) 0.001 ಮಿಲಿ ಎತ್ತುತ್ತದೆ. ಹಾಗಾಗಿ ಪ್ಲೇಟಿನ ಒಂದು ಕಾಲೊನಿಗೆ (ಒಂದು ಬ್ಯಾಕ್ಟೀರಿಯ ಬೆಳೆದು ಆದ ಚುಕ್ಕೆ) ಮಿಲಿಗೆ 1,000 ಬ್ಯಾಕ್ಟೀರಿಯ, ನೂರು ಕಾಲೊನಿಗೆ 1 ಲಕ್ಷ. ಲಕ್ಷ ದಾಟಿದರೆ ಸೋಂಕು ಎಂದು ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಆ ಲಕ್ಷ ಎಲ್ಲಿಂದ ಬಂತು ಎಂದು ಮಾತ್ರ ಯೋಚಿಸುವುದಿಲ್ಲ. ಚರ್ಮದಿಂದ ಸೇರಿಕೊಂಡ ಸಾವಿರ ಬ್ಯಾಕ್ಟೀರಿಯ ಏಳು ಸಲ ಇಮ್ಮಡಿಯಾದರೆ ಲಕ್ಷ ದಾಟುತ್ತದೆ. ಒಳ್ಳೆಯ ಮೀಡಿಯದಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂತ್ರದಲ್ಲಿ ಆ ವೇಗ ಇಲ್ಲದಿದ್ದರೂ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ವಾರ್ಡಿನ ಕಿಟಕಿ ಪಕ್ಕ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತ ಡಬ್ಬಿಗೆ ಅಷ್ಟು ಸಮಯ ಸಾಕು. ಅದಕ್ಕೇ 2 ಗಂಟೆಯೊಳಗೆ ಪ್ಲೇಟಿಗೆ ಹಾಕಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಅಲ್ಲಿ 24 ಗಂಟೆ ತಡೆಯುತ್ತದೆ. ಡಬ್ಬಿಯ ಮೇಲೆ ಸಮಯ ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಸಿಸ್ಟರ್ ಸಿಡುಕಬಹುದು, ಸಿಡುಕಲಿ.

ಇನ್ನು ಸಂಗ್ರಹಿಸುವ ರೀತಿ. ರೋಗಿಯ ಕೈಗೆ ಡಬ್ಬಿ ಕೊಟ್ಟು "ಮಿಡ್‌ಸ್ಟ್ರೀಮ್ ತಗೊಂಬನ್ನಿ" ಎಂದರೆ ಹಳ್ಳಿಯಿಂದ ಬಂದ ಅಜ್ಜಿಗೆ ಏನು ತಿಳಿಯಬೇಕು? ನಾನು ಹೇಳುವುದು ಹೀಗೆ: "ಅಜ್ಜಿ, ಮೊದ್ಲು ನೀರಲ್ಲಿ ಚೆನ್ನಾಗಿ ತೊಳ್ಕೊಳ್ಳಿ. ಶುರುವಿಂದು ಸ್ವಲ್ಪ ಕೆಳಗೆ ಬಿಟ್ಬಿಡಿ, ನಡುವೆ ಬರೋದನ್ನ ಇದಕ್ಕೆ ಹಿಡೀರಿ. ಡಬ್ಬಿ ಒಳಗೆ ಬೆರಳು ತಾಗಿಸಬೇಡಿ." ಅರ್ಧ ನಿಮಿಷದ ಮಾತು. ಇದನ್ನು ಕೌಂಟರಿನಲ್ಲಿ ಯಾರೂ ಹೇಳದ ದಿನ ಮೂರು ನಾಲ್ಕು ಬಗೆಯ ಕಾಲೊನಿ ಕಲಸಿಕೊಂಡ ಪ್ಲೇಟುಗಳು ಹೆಚ್ಚುತ್ತವೆ. ಕ್ಯಾಥೆಟರ್ ಹಾಕಿದವರಾದರೆ ಚೀಲದಿಂದ ಬಗ್ಗಿಸಿದ ಮೂತ್ರ ತೆಗೆದುಕೊಳ್ಳಲೇಬೇಡಿ. ಟ್ಯೂಬಿನ ಪೋರ್ಟ್ ಒರೆಸಿ, ಸಿರಿಂಜಿನಲ್ಲಿ ಎಳೆದದ್ದು ಬೇಕು.

ಹಾಗೆಂದು ಲಕ್ಷವೇ ಕೊನೆಯ ಮಾತಲ್ಲ. ಹೊಟ್ಟೆಯ ಮೂಲಕ ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆದ ಮೂತ್ರದಲ್ಲಿ ಕೆಲವೇ ಕಾಲೊನಿ ಬಂದರೂ ಬೆಲೆಯಿದೆ. ಉರಿ ಮೂತ್ರ ಇರುವ ಹೆಂಗಸಿನಲ್ಲಿ, ಪಸ್ ಸೆಲ್ (ಸೋಂಕಿನ ಜಾಗಕ್ಕೆ ಬರುವ ಬಿಳಿ ರಕ್ತಕಣ) ತುಂಬಿದ್ದು ಒಂದೇ ಬಗೆಯ ಇ. ಕೋಲಿ ಬಂದಿದ್ದರೆ, ಎಣಿಕೆ ಕಡಿಮೆಯಿದೆ ಎಂದು ತಳ್ಳಿಹಾಕುವಂತಿಲ್ಲ.

ಕಫದ ವಿಷಯದಲ್ಲಿ ತೀರ್ಪು ಕಲ್ಚರ್‌ಗಿಂತ ಮೊದಲೇ ಆಗಬೇಕು. ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಕ್ಕೆ ಬಣ್ಣ ಹಾಕುವ ಒಂದು ವಿಧಾನ) ಮಾಡಿದ ಸ್ಮಿಯರನ್ನು ಮೊದಲು 10ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ನೋಡಿ. ಒಂದು ಫೀಲ್ಡಿಗೆ (ಒಮ್ಮೆಗೆ ಕಾಣುವ ಜಾಗಕ್ಕೆ) 25ಕ್ಕಿಂತ ಹೆಚ್ಚು ಪಸ್ ಸೆಲ್, 10ಕ್ಕಿಂತ ಕಡಿಮೆ ಸ್ಕ್ವಾಮಸ್ ಎಪಿಥೀಲಿಯಲ್ ಸೆಲ್ (ಬಾಯಿಯ ಒಳಪದರದ ಕೋಶ) ಇದ್ದರೆ ಅದು ಶ್ವಾಸಕೋಶದಿಂದ ಬಂದ ಕಫ. ಎಪಿಥೀಲಿಯಲ್ ಸೆಲ್ಲೇ ತುಂಬಿದ್ದರೆ ಅದು ಎಂಜಲು. ಎಂಜಲನ್ನು ಕಲ್ಚರ್ ಮಾಡಿದರೆ ಬಾಯಲ್ಲಿರುವುದೆಲ್ಲ ಬೆಳೆಯುತ್ತದೆ, ಬೇಡ. ಒಂದು ಎಚ್ಚರಿಕೆ: ಟಿಬಿಗೆ ಬಂದ ಕಫಕ್ಕೆ ಈ ಲೆಕ್ಕ ಹಚ್ಚಿ ತಿರಸ್ಕರಿಸಬಾರದು.

ಗ್ರಾಂ ಸ್ಟೇನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಹುಡುಗರು ಇದನ್ನು ಪ್ರಾಕ್ಟಿಕಲ್ ಪರೀಕ್ಷೆಯ ಐಟಂ ಎಂದುಕೊಂಡಿರುತ್ತಾರೆ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನಲ್ಲಿ ಇದನ್ನು ಪ್ರಕಟಿಸಿದಾಗ ಅವನಿಗೆ ಬೇಕಿದ್ದದ್ದು ಅಂಗಾಂಶದೊಳಗಿನ ಬ್ಯಾಕ್ಟೀರಿಯ ಎದ್ದು ಕಾಣುವುದು. ಕೆಂಪು ಕೌಂಟರ್‌ಸ್ಟೇನ್ ಆಮೇಲೆ ಬೇರೆಯವರು ಸೇರಿಸಿದ್ದು. ಮೊದಲು ಹಾಕಿದ ನೇರಳೆ ಬಣ್ಣವನ್ನು ತೊಳೆದರೂ ಉಳಿಸಿಕೊಳ್ಳುವವು ಗ್ರಾಂ ಪಾಸಿಟಿವ್, ಅದನ್ನು ಬಿಟ್ಟು ಆಮೇಲೆ ಹಾಕುವ ಕೆಂಪು ಬಣ್ಣ ಹಿಡಿಯುವವು ಗ್ರಾಂ ನೆಗೆಟಿವ್. ಇಡೀ ವಿಧಾನ ನಿಂತಿರುವುದು ಡಿಕಲರೈಸ್ ಮಾಡುವ, ಅಂದರೆ ಬಣ್ಣ ತೊಳೆಯುವ ಆ ಕೆಲವು ಸೆಕೆಂಡುಗಳ ಮೇಲೆ. ಅಸಿಟೋನ್ ಬೇಗ ಎಳೆಯುತ್ತದೆ, ಆಲ್ಕೋಹಾಲ್ ನಿಧಾನ. ಸ್ಮಿಯರ್ ದಪ್ಪವಿದ್ದರೆ ಎರಡೂ ಮೋಸ ಮಾಡುತ್ತವೆ. ಸರಿಯಾಗಿದೆಯೇ ಎಂದು ತಿಳಿಯಲು ಪಸ್ ಸೆಲ್‌ನ ನ್ಯೂಕ್ಲಿಯಸ್ ನೋಡಿ. ಅದು ಗುಲಾಬಿ ಬಣ್ಣಕ್ಕಿರಬೇಕು. ಅದೇ ನೇರಳೆಯಾಗಿ ಉಳಿದಿದ್ದರೆ ನೀವು ಸಾಕಷ್ಟು ಡಿಕಲರೈಸ್ ಮಾಡಿಲ್ಲ, ಆ ಫೀಲ್ಡಿನಲ್ಲಿ ಕಂಡ "ಗ್ರಾಂ ಪಾಸಿಟಿವ್" ಅನ್ನು ನಂಬಬೇಡಿ. ಆಂಟಿಬಯೋಟಿಕ್ ಶುರುವಾದ ರೋಗಿಯಲ್ಲಿ, ಹಳೆಯ ಕಲ್ಚರಿನಲ್ಲಿ ಗ್ರಾಂ ಪಾಸಿಟಿವ್ ಕೂಡ ಗುಲಾಬಿಯಾಗಿ ಕಾಣಬಹುದು.

ಸಿಎಸ್‌ಎಫ್ ಬಂದರೆ (ಮೆದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಫ್ರಿಜ್ ಕಡೆ ನೋಡಲೇಬೇಡಿ, ಮೆದುಳಿನ ಪೊರೆಗೆ ಸೋಂಕು ತರುವ ಮೆನಿಂಗೊಕಾಕಸ್ ಚಳಿಗೆ ಸಾಯುತ್ತದೆ. ಸ್ಮಿಯರ್ ನೋಡಿ, ಡಾಕ್ಟರಿಗೆ ಕೂಡಲೇ ಫೋನ್ ಮಾಡಿ. ಬ್ಲಡ್ ಕಲ್ಚರ್‌ಗೆ ದೊಡ್ಡವರಲ್ಲಿ ಬಾಟಲಿಗೆ 8–10 ಮಿಲಿ ಬೇಕು, ಎರಡು ಬೇರೆ ಜಾಗದಿಂದ ತೆಗೆದ ಎರಡು ಸೆಟ್ ಬೇಕು. ಒಂದರಲ್ಲಿ ಮಾತ್ರ ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್ ಬಂದರೆ ಬಹುಪಾಲು ಅದು ಚರ್ಮದ್ದು. ಎರಡರಲ್ಲೂ ಬಂದರೆ, ರೋಗಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದರೆ, ಕಥೆ ಬೇರೆ. ಒಂದೇ ಸೆಟ್ ಕಳಿಸಿದ್ದರೆ ಈ ವ್ಯತ್ಯಾಸ ಹೇಳುವ ದಾರಿಯೇ ಇರುವುದಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಸೆನ್ಸಿಟಿವಿಟಿ ಪ್ಲೇಟ್, ಅಂದರೆ ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂದು ನೋಡುವ ಪ್ಲೇಟ್. ಬ್ಯಾಕ್ಟೀರಿಯ ಕದಡಿದ ದ್ರವವನ್ನು ನಿಗದಿತ ಮಬ್ಬಿಗೆ, ಅಂದರೆ 0.5 ಮ್ಯಾಕ್‌ಫರ್ಲೆಂಡ್‌ಗೆ ಹೊಂದಿಸಿ, 15 ನಿಮಿಷದೊಳಗೆ, 4 ಮಿಮೀ ದಪ್ಪದ ಮುಲ್ಲರ್ ಹಿಂಟನ್ ಅಗಾರ್ ಎಂಬ ಮೀಡಿಯದ ಮೇಲೆ ಹರಡಿ ಆಂಟಿಬಯೋಟಿಕ್ ಡಿಸ್ಕ್ ಇಡುವುದನ್ನು ಎಲ್ಲರೂ ಆಸೆಯಿಂದ ಕಲಿಯುತ್ತಾರೆ, ಕೆಲಸ ನೋಡಲೂ ಚೆಂದ. ಆದರೆ ಹೊರಗಿನಿಂದ ಸೇರಿಕೊಂಡ ಕಂಟಾಮಿನೆಂಟ್‌ಗೆ ಡಿಸ್ಕ್ ಇಟ್ಟು, ಎಸ್ (ಔಷಧಿಗೆ ಬಗ್ಗುತ್ತದೆ) ಮತ್ತು ಆರ್ (ಬಗ್ಗುವುದಿಲ್ಲ) ಪಟ್ಟಿ ಪ್ರಿಂಟ್ ಮಾಡಿ ಕಳಿಸಿದರೆ, ಆ ಕಾಗದ ನೋಡಿದ ಡ್ಯೂಟಿ ಡಾಕ್ಟರ್ ಔಷಧಿ ಬರೆಯುತ್ತಾರೆ. ಅವರನ್ನು ದೂರುವಂತಿಲ್ಲ, ಪಟ್ಟಿ ಕೊಟ್ಟವರು ನಾವು. ಔಷಧಿಯೇ ಬೇಡದ ರೋಗಿಗೆ ಐದು ದಿನ ಇಂಜೆಕ್ಷನ್ ಹೋಗುತ್ತದೆ.

ಹಾಗಾಗಿ ಕಲಸಿಕೊಂಡ ಬೆಳವಣಿಗೆಗೆ ನಾವು ಹೆಸರನ್ನೂ ಹಾಕುವುದಿಲ್ಲ, ಸೆನ್ಸಿಟಿವಿಟಿಯನ್ನೂ ಹಾಕುವುದಿಲ್ಲ. "ಹಲವು ಬಗೆಯ ಬ್ಯಾಕ್ಟೀರಿಯ ಬೆಳೆದಿವೆ, ಸಂಗ್ರಹಿಸುವಾಗ ಸೇರಿರಬಹುದು, ಹೊಸ ಸ್ಯಾಂಪಲ್ ಕಳಿಸಿ" ಎಂದಷ್ಟೇ ಬರೆಯುತ್ತೇವೆ. ಮಧ್ಯಾಹ್ನದ ಹೊತ್ತಿಗೆ ವಾರ್ಡಿನಿಂದ ಫೋನ್ ಬರುತ್ತದೆ. ರೋಗಿ ಆಗಲೇ ಆಂಟಿಬಯೋಟಿಕ್ ಮೇಲಿದ್ದಾರೆ, ಮತ್ತೆ ಸ್ಯಾಂಪಲ್ ಸಿಗುವುದಿಲ್ಲ ಎನ್ನುತ್ತಾರೆ ಕೆಲವೊಮ್ಮೆ. ಅದಕ್ಕಾಗಿ ಪ್ಲೇಟನ್ನು ರಿಪೋರ್ಟ್ ಹೋದ ಕೂಡಲೇ ಆಟೊಕ್ಲೇವಿಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಬೇಡಿ. ಲೇಬಲ್ ಸಮೇತ ಕೆಲವು ದಿನ ಫ್ರಿಜ್ಜಿನಲ್ಲಿರಲಿ. ಡಾಕ್ಟರ್ ಲ್ಯಾಬಿಗೇ ಬಂದರೆ ಆ ಪ್ಲೇಟನ್ನು, ಸ್ಮಿಯರನ್ನು ಅವರ ಮುಂದಿಟ್ಟು ಮಾತಾಡಿ.