ಮೈನಸ್ ಕೂಡುವಾಗ ಮೊದಲು ಚಿಹ್ನೆ, ಆಮೇಲೆ ಅಂಕಿ

18 ಜನವರಿ 2025, ಶನಿವಾರ

ಮಧ್ಯಾಹ್ನ ಅಕ್ಕನ ಮಗಳು ನೋಟ್‌ಬುಕ್ಕು, ಕ್ಯಾಲ್ಕುಲೇಟರ್ ಎರಡನ್ನೂ ಹಿಡಿದುಕೊಂಡು ಬಂದಳು. ಲೆಕ್ಕ 5 − (−3). ಕೈಯಲ್ಲಿ ಮಾಡಿದರೆ 8 ಬಂದಿದೆ, ಕ್ಯಾಲ್ಕುಲೇಟರ್ 2 ಅಂತಿದೆ. ಅವಳು ತನ್ನ 8ನ್ನು ಹೊಡೆದುಹಾಕಿ 2 ಬರೆಯಲು ಹೊರಟಿದ್ದಳು. ನಾನು ತಡೆದೆ. ಸರಿಯಾಗಿದ್ದದ್ದು ಅವಳ ಕೈಲೆಕ್ಕವೇ.

ಅವಳು ಒತ್ತಿದ್ದು 5, −, −, 3, =. ಅದು ನಾಲ್ಕೇ ಕ್ರಿಯೆಗಳ ಸಾದಾ ಕ್ಯಾಲ್ಕುಲೇಟರ್. ಅದರಲ್ಲಿ ಎರಡು ಚಿಹ್ನೆ ಒಂದರ ಹಿಂದೊಂದು ಒತ್ತಿದರೆ ಕೊನೆಯದು ಮಾತ್ರ ಉಳಿಯುತ್ತದೆ. ಮೊದಲನೆಯದನ್ನು ನಾವು ತಪ್ಪಿ ಒತ್ತಿದೆವು, ಈಗ ಬದಲಾಯಿಸುತ್ತಿದ್ದೇವೆ ಅಂತ ಅದು ತಿಳಿಯುತ್ತದೆ. ಹಾಗಾಗಿ ಅದು ಮಾಡಿದ್ದು 5 − 3. ಬೇರೆ ಕೆಲವು ಮಾದರಿಗಳಲ್ಲಿ ಮೈನಸ್ಸನ್ನು ಎರಡು ಸಲ ಒತ್ತಿದರೆ ಮೊದಲು ಒತ್ತಿದ ಸಂಖ್ಯೆ, ಇಲ್ಲಿ 5, ಮುಂದೆ ಒತ್ತುವ ಸಂಖ್ಯೆಯಿಂದ ಕಳೆಯಲು ಸ್ಥಿರವಾಗಿ ಕೂತುಬಿಡುತ್ತದೆ. ಅಲ್ಲಿ ಇದೇ ಲೆಕ್ಕಕ್ಕೆ 3 − 5, ಅಂದರೆ −2 ಬರುತ್ತದೆ.

ಕೂಡುವಾಗ ಈ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ, ಅಪಾಯ ಇರುವುದೇ ಅಲ್ಲಿ. 5 + (−3) ಮಾಡಲು 5, +, −, 3 ಒತ್ತಿ ನೋಡಿ. ಪ್ಲಸ್ ಹೋಯಿತು, ಮೈನಸ್ ಉಳಿಯಿತು, ಉತ್ತರ 2. ಸರಿಯಾಗೇ ಇದೆ! ಋಣ ಸಂಖ್ಯೆ ಕೂಡುವುದೂ ಅದೇ ಅಳತೆಯ ಧನ ಸಂಖ್ಯೆ ಕಳೆಯುವುದೂ ಒಂದೇ ಆದ್ದರಿಂದ ಹೊಂದಿಕೊಂಡಿತು, ಅಷ್ಟೇ. ಮಕ್ಕಳು ಇದೇ ಸರಿಯಾದ ದಾರಿ ಅಂದುಕೊಳ್ಳುತ್ತಾರೆ. ಮುಂದೆ 5 × (−3) ಬಂದಾಗಲೂ ಹಾಗೇ ಒತ್ತುತ್ತಾರೆ. −15 ಬರಬೇಕಾದ ಕಡೆ 2 ಬರುತ್ತದೆ.

ನೋಡಲು ಒಂದೇ ಗೆರೆಯಾದರೂ ಮೈನಸ್‌ಗೆ ಎರಡು ಕೆಲಸ. ಒಂದು ಕಳೆಯುವುದು, ಇನ್ನೊಂದು ಈ ಸಂಖ್ಯೆ ಸೊನ್ನೆಗಿಂತ ಕಡಿಮೆ ಅಂತ ತಿಳಿಸುವುದು. ಕಾಗದದ ಮೇಲೆ ಜಾಗ ನೋಡಿದರೇ ಯಾವುದು ಯಾವ ಕೆಲಸ ಅಂತ ಗೊತ್ತಾಗುತ್ತದೆ. ಯಂತ್ರಕ್ಕೆ ಬೇರೆ ಬೇರೆ ಕೀ ಬೇಕು. ಎರಡನೆಯ ಕೆಲಸಕ್ಕೆ ಸಾದಾ ಕ್ಯಾಲ್ಕುಲೇಟರ್‌ನಲ್ಲಿ +/− ಕೀ ಇದ್ದರೆ, ಸಂಖ್ಯೆ ಒತ್ತಿದ ಮೇಲೆ ಅದನ್ನು ಒತ್ತಬೇಕು: 5, −, 3, +/−, =. ಆಗ 8. ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ ಸಾಮಾನ್ಯವಾಗಿ ಆವರಣದೊಳಗೆ ಮೈನಸ್ ಇರುವ (−) ಕೀ ಇರುತ್ತದೆ, ಅದನ್ನು ಸಂಖ್ಯೆಗೆ ಮುಂಚೆ ಒತ್ತಬೇಕು. ಅದರ ಬದಲು ಹೊಸ ಲೆಕ್ಕದ ಮೊದಲಿಗೇ ಕಳೆಯುವ ಕೀ ಒತ್ತಿದರೆ, ಹಲವು ಮಾದರಿಗಳು ಹಿಂದಿನ ಉತ್ತರದಿಂದ ಕಳೆಯಲು ಶುರು ಮಾಡುತ್ತವೆ.

ಆಮೇಲೆ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಉದ್ದದ ಲೆಕ್ಕವೊಂದನ್ನು ಕೊಟ್ಟೆ: −17 + 24 − 8 − 31 + 6 + 12. ಅವಳು ಎಡದಿಂದ ಒಂದೊಂದಾಗಿ ಹೊರಟಳು. 7, −1, −32, −26, −14. ಉತ್ತರ ಸರಿ. ಆದರೆ ದಾರಿಯಲ್ಲಿ ಎರಡು ಸಲ ಸೊನ್ನೆ ದಾಟಬೇಕಾಯಿತು, ಮೊದಲಿಗೆ −17ರಿಂದ 7ಕ್ಕೆ, ಆಮೇಲೆ 7ರಿಂದ −1ಕ್ಕೆ. ಚಿಹ್ನೆ ಜಾರುವುದು ಹೆಚ್ಚಾಗಿ ಅಲ್ಲೇ.

ನನಗೆ ಇಷ್ಟವಾದ ದಾರಿ ಬೇರೆ. ಪ್ಲಸ್‌ಗಳೆಲ್ಲ ಒಂದು ಕಡೆ: 24, 6, 12, ಒಟ್ಟು 42. ಮೈನಸ್‌ಗಳೆಲ್ಲ ಇನ್ನೊಂದು ಕಡೆ: 17, 8, 31, ಒಟ್ಟು 56. ಮೈನಸ್ ರಾಶಿ ದೊಡ್ಡದು, ಹಾಗಾದರೆ ಉತ್ತರಕ್ಕೆ ಮೈನಸ್. ಇದನ್ನು ಮೊದಲೇ ಬರೆದುಬಿಡಬೇಕು. ಆಮೇಲೆ 56ರಲ್ಲಿ 42 ಕಳೆದರೆ 14. ಇಡೀ ಲೆಕ್ಕದಲ್ಲಿ ಕಳೆಯುವುದು ಒಂದೇ ಸಲ.

628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಹೇಳಿದ್ದೂ ಇದನ್ನೇ. ಧನಕ್ಕೆ ಧನ ಸೇರಿದರೆ ಧನ, ಸಾಲಕ್ಕೆ ಸಾಲ ಸೇರಿದರೆ ಸಾಲ. ಧನ, ಸಾಲ ಎರಡೂ ಸೇರಿದರೆ ಅವುಗಳ ನಡುವಿನ ಅಂತರ, ಎರಡೂ ಸಮವಾದರೆ ಸೊನ್ನೆ. ಕೂಡಲು ಬೇಕಾದದ್ದು ಇಷ್ಟೇ ಅಲ್ವಾ! ಇಷ್ಟು ಚಿಕ್ಕದಾಗಿ, ಇಷ್ಟು ಪೂರ್ತಿಯಾಗಿ ಹೇಳಿದ್ದಾನಲ್ಲ ಅಂತ ಪ್ರತಿ ಸಲವೂ ಖುಷಿಯಾಗುತ್ತದೆ.

ಈ ರಾಶಿ ಮಾಡುವ ದಾರಿಗೆ ಸಾದಾ ಕ್ಯಾಲ್ಕುಲೇಟರ್‌ನಲ್ಲೂ ಅನುಕೂಲ ಇದೆ. ಒತ್ತಿದ ಸಂಖ್ಯೆಯನ್ನು ಮೆಮೊರಿಗೆ ಕೂಡುವ ಎಂ ಪ್ಲಸ್ (M+), ಮೆಮೊರಿಯಿಂದ ಕಳೆಯುವ ಎಂ ಮೈನಸ್ (M−) ಕೀಗಳನ್ನು ಬಹಳ ಜನ ಮುಟ್ಟುವುದೇ ಇಲ್ಲ. ಮೊದಲು ಮೆಮೊರಿ ಖಾಲಿ ಮಾಡಿಕೊಳ್ಳಬೇಕು. ಆಮೇಲೆ 24 ಒತ್ತಿ ಎಂ ಪ್ಲಸ್, 6 ಎಂ ಪ್ಲಸ್, 12 ಎಂ ಪ್ಲಸ್. 17 ಎಂ ಮೈನಸ್, 8 ಎಂ ಮೈನಸ್, 31 ಎಂ ಮೈನಸ್. ಕೊನೆಗೆ ಮೆಮೊರಿ ಕರೆದರೆ −14. ಒಂದೂ ಋಣ ಸಂಖ್ಯೆಯನ್ನು ಟೈಪ್ ಮಾಡದೆ ಕೆಲಸ ಮುಗಿಯಿತು.

ಯಂತ್ರ ಅಂಕಿಯಲ್ಲಿ ಎಡವುವುದು ಅಪರೂಪ. ತಪ್ಪುವುದು ಚಿಹ್ನೆ, ಅದೂ ನಾವು ಕೀ ಒತ್ತುವ ರೀತಿಯಿಂದ. ಅದಕ್ಕೇ ಅವಳಿಗೆ ಒಂದೇ ಅಭ್ಯಾಸ ಹೇಳಿಕೊಟ್ಟೆ: = ಒತ್ತುವ ಮೊದಲು ಉತ್ತರ ಪ್ಲಸ್ಸೋ ಮೈನಸ್ಸೋ ಅಂತ ಬಾಯಲ್ಲಿ ಹೇಳು. ಎರಡು ರಾಶಿಗಳ ಅಂದಾಜು ಸಿಕ್ಕರೆ ಸಾಕು.

ಸಂಜೆ ಅವಳೇ ಒಳ್ಳೆಯ ಪ್ರಶ್ನೆ ಕೇಳಿದಳು. 42ರಲ್ಲಿ 56ನ್ನು ತಿರುಗಿಸದೆ ಹಾಗೇ ಕಳೆದರೆ ಏನಾಗುತ್ತದೆ? ಮಾಡಿ ನೋಡಿದೆವು. 2ರಲ್ಲಿ 6 ಹೋಗುವುದಿಲ್ಲ, ದಶಕ ತಂದರೆ 12ರಲ್ಲಿ 6 ಹೋಗಿ 6. ಹತ್ತರ ಸ್ಥಾನದಲ್ಲಿ 3 ಉಳಿದಿದೆ, 5 ಹೋಗುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ತಂದೆವು ಅಂದುಕೊಂಡರೆ 13ರಲ್ಲಿ 5 ಹೋಗಿ 8. ಬಂದದ್ದು 86. ಇದು ಕಸ ಅಂತ ಅವಳು ಅಳಿಸಲು ಹೋದಳು. ಅದಕ್ಕೆ 14 ಕೂಡು ಅಂದೆ. 100! ಎರಡೇ ಸ್ಥಾನ ಇಟ್ಟುಕೊಂಡರೆ 00. ಅಂದರೆ ಎರಡೇ ಸ್ಥಾನದ ಲೋಕದಲ್ಲಿ −14 ಮಾಡುವ ಕೆಲಸವನ್ನು 86 ಮಾಡುತ್ತದೆ.

ಕಂಪ್ಯೂಟರ್ ಋಣ ಸಂಖ್ಯೆಗಳನ್ನು ಇಟ್ಟುಕೊಳ್ಳುವುದು ಹೀಗೇ, 100ರ ಬದಲು ಎರಡರ ಘಾತ ಹಿಡಿದು. 8 ಬಿಟ್‌ನಲ್ಲಿ, ಅಂದರೆ 0 ಅಥವಾ 1 ಮಾತ್ರ ಕೂರುವ ಎಂಟು ಸ್ಥಾನಗಳಲ್ಲಿ, ಅದು 256. −56ರ ಜಾಗದಲ್ಲಿ 256 − 56, ಅಂದರೆ 200 ಇರುತ್ತದೆ. 42 + 200 = 242, ಅದು 256ಕ್ಕೆ 14 ಕಡಿಮೆ, ಅಂದರೆ −14. ಕಳೆಯಲು ಬೇರೆ ಯಂತ್ರವೇ ಬೇಡ, ಕೂಡಲು ಬಂದರೆ ಸಾಕು. 1642ರಲ್ಲಿ ಫ್ರೆಂಚ್ ಗಣಿತಜ್ಞ ಪಾಸ್ಕಲ್ ರೂಪಿಸಿದ ಲೆಕ್ಕದ ಯಂತ್ರದ ಚಕ್ರಗಳು ಹಿಂದಕ್ಕೆ ತಿರುಗುತ್ತಿರಲಿಲ್ಲ. ಅದರಲ್ಲೂ ಕಳೆಯುತ್ತಿದ್ದದ್ದು ಇಂಥದೇ ಉಪಾಯದಿಂದ, ಪ್ರತಿ ಅಂಕಿಯನ್ನೂ 9ಕ್ಕೆ ತುಂಬಿಸುವ ಅಂಕಿ ಹಿಡಿದು.

ನಾಳೆ ಇದನ್ನೇ ಮೂರು ಸ್ಥಾನದಲ್ಲಿ ಮಾಡಿಸಬೇಕು. 125 − 380 ಕೊಡುತ್ತೇನೆ. 380ರ ಬದಲು 620 ಕೂಡಿದರೆ 745 ಬರುತ್ತದೆ, 1000ಕ್ಕೆ 255 ಕಡಿಮೆ. ಚಿಹ್ನೆ ಏನು ಅಂತ ಮಾತ್ರ ಅವಳೇ ಮೊದಲು ಹೇಳಲಿ.