ಒಂದು ಲೀಟರ್ ಬಿಸಿನೀರು, ಒಂದು ರಟ್ಟಿನ ಡಬ್ಬಿ

ಬೀದರಿನ ಡಿಸೆಂಬರ್ ಚಳಿಯನ್ನು ನಮ್ಮ ವಿಜ್ಞಾನದ ಸರ್ ಪಾಠಕ್ಕೇ ಬಳಸಿಕೊಳ್ಳುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಮುಂಚೆ ಕಾಯಿಸಿದ ನೀರು ಶಾಲೆ ಬಿಡುವ ಹೊತ್ತಿಗೂ ಬಿಸಿಯಾಗಿರಬೇಕು, ಅಂಗಡಿಯ ಥರ್ಮಾಸ್ ಮುಟ್ಟುವಂತಿಲ್ಲ. ಒಂಬತ್ತನೇ ತರಗತಿಯ ಆ ಪ್ರಯೋಗದ ವಿವರ ಈಗಿನ ಮಕ್ಕಳಿಗೂ ಸಿಗಲಿ ಎಂದು ಬರೆಯುತ್ತಿದ್ದೇನೆ.

1892ರಲ್ಲಿ ವಿಜ್ಞಾನಿ ಜೇಮ್ಸ್ ದೇವಾರ್ ಎರಡು ಗೋಡೆಗಳ ನಡುವಿನ ಗಾಳಿಯನ್ನೇ ತೆಗೆದು ನಿರ್ವಾತ ಪಾತ್ರೆ ಮಾಡಿದ, ಥರ್ಮಾಸ್ ಬಂದಿದ್ದು ಅದರಿಂದಲೇ. ಶಾಲೆಯಲ್ಲಿ ನಿರ್ವಾತ ಮಾಡಲಾಗದು, ಆದರೆ ಗಾಳಿಯನ್ನು ಅಲುಗದಂತೆ ಹಿಡಿದಿಡಬಹುದು. ನಿಂತ ಗಾಳಿ ಶಾಖವನ್ನು ಬಹಳ ಕಡಿಮೆ ಸಾಗಿಸುತ್ತದೆ. ಹತ್ತಿ, ಕೌದಿ, ಭತ್ತದ ಹೊಟ್ಟು, ಥರ್ಮಾಕೋಲ್ ಇವೆಲ್ಲ ಮಾಡುವುದು ಅದೊಂದೇ ಕೆಲಸ.

ಒಳಗಿನ ಪಾತ್ರೆಗೆ 10 ಸೆಂ.ಮೀ. ಅಗಲ, 13 ಸೆಂ.ಮೀ. ಎತ್ತರದ, ಬಿಗಿ ಮುಚ್ಚಳವಿರುವ ಸ್ಟೀಲ್ ಡಬ್ಬಿ ಸಾಕು. ಅದರಲ್ಲಿ ಒಂದು ಲೀಟರ್ ಹಿಡಿಯುತ್ತದೆ. ಹೊರಗೆ 20 ಸೆಂ.ಮೀ. ಚೌಕದ, 23 ಸೆಂ.ಮೀ. ಎತ್ತರದ ರಟ್ಟಿನ ಡಬ್ಬಿ. ಹೀಗಾದರೆ ಎಲ್ಲ ಕಡೆ ಕನಿಷ್ಠ 5 ಸೆಂ.ಮೀ. ಜಾಗ ಉಳಿಯುತ್ತದೆ.

ತಳಕ್ಕೆ ಹತ್ತಿ ಹಾಕಬಾರದು. ನೀರು ತುಂಬಿದ ಪಾತ್ರೆಯ ಭಾರಕ್ಕೆ ಅದು ಚಪ್ಪಟೆಯಾಗಿ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗುತ್ತದೆ. 2.5 ಸೆಂ.ಮೀ. ದಪ್ಪದ ಎರಡು ಥರ್ಮಾಕೋಲ್ ಹಾಳೆ ಇಟ್ಟು ಮೇಲೊಂದು ರಟ್ಟು ಹಾಸಿ. ಕುದಿಯುವ ನೀರಿನ ಪಾತ್ರೆ ನೇರವಾಗಿ ತಾಗಿದರೆ ಥರ್ಮಾಕೋಲ್ ಮೆತ್ತಗಾಗಿ ಕುಗ್ಗುತ್ತದೆ, ರಟ್ಟು ಅದಕ್ಕಾಗಿ. ಆಮೇಲೆ ಪಾತ್ರೆಯ ಸುತ್ತ ರಟ್ಟಿನ ಕೊಳವೆ ಸುತ್ತಿ, ಅದರ ಹೊರಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು. ಪಾತ್ರೆ ತೆಗೆದಾಗ ಹತ್ತಿ ಕುಸಿಯುವುದಿಲ್ಲ, ಹಬೆಯೂ ಹತ್ತಿಗೆ ತಾಗುವುದಿಲ್ಲ. ಕೊಳವೆಯ ಸುತ್ತ ಸುಮಾರು 170 ಗ್ರಾಂ ಹತ್ತಿ ಬೇಕು. ಹಳೆ ಗಾದಿಯ ಹತ್ತಿಯಾದರೆ ಗಂಟುಗಂಟಾಗಿರುತ್ತದೆ, ಪಿಂಜಾರರ ಹತ್ತಿರ ಹಿಂಜಿಸಿ ತನ್ನಿ. ಚೂರುಚೂರೇ ಹಾಕಿ, ಒತ್ತಿ ತುರುಕಬೇಡಿ. ತೀರ ಸಡಿಲವಾದರೆ ನಡುವೆ ಗಾಳಿ ಸುತ್ತಾಡಿ ಶಾಖ ಹೊತ್ತೊಯ್ಯುತ್ತದೆ, ತೀರ ಬಿಗಿಯಾದರೆ ಎಳೆಗಳೇ ಒಂದಕ್ಕೊಂದು ತಾಗಿ ಅದನ್ನು ಸಾಗಿಸುತ್ತವೆ.

ಎಲ್ಲರೂ ಸುತ್ತಲಿನ ಗೋಡೆಗೆ ಕೊಡುವ ಗಮನವನ್ನು ಮುಚ್ಚಳಕ್ಕೆ ಕೊಡುವುದಿಲ್ಲ. ಮೊದಲು ಬಾಯಿ ಮುಚ್ಚಿ, ಮೈ ಆಮೇಲೆ ಮುಚ್ಚುವಿರಂತೆ ಎಂದು ಸರ್ ಪ್ರತಿ ಗುಂಪಿಗೂ ಹೇಳುತ್ತಿದ್ದರು. ಅದರ ಹಿಂದೆ ಲೆಕ್ಕವಿದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.2 ಜೂಲ್ ಸಾಕು. ಒಂದು ಲೀಟರಿನಿಂದ ಬರೀ 10 ಗ್ರಾಂ, ಅಂದರೆ ಎರಡು ಚಮಚ ನೀರು ಹಬೆಯಾಗಿ ಹೋದರೂ ಉಳಿದ ನೀರು 5 ಡಿಗ್ರಿಗೂ ಹೆಚ್ಚು ಆರುತ್ತದೆ. ಎಷ್ಟು ಹತ್ತಿ ಸುತ್ತಿದರೂ ಈ ನಷ್ಟ ನಿಲ್ಲದು. ಆದ್ದರಿಂದ ಪಾತ್ರೆಯ ಮುಚ್ಚಳದಲ್ಲಿ ಸಂದಿಯಿದ್ದರೆ ಬಟ್ಟೆಯ ಪಟ್ಟಿ ಸುತ್ತಿ ಬಿಗಿ ಮಾಡಿ. ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ 20 ಸೆಂ.ಮೀ. ಚೌಕದ ಬಟ್ಟೆ ಚೀಲಕ್ಕೆ 100 ಗ್ರಾಂ ಹತ್ತಿ ತುಂಬಿ ಹೊಲಿದ ದಿಂಬು. ರಟ್ಟಿನ ಬಾಗಿಲು ಮುಚ್ಚಿದಾಗ ದಿಂಬು ಸ್ವಲ್ಪ ಒತ್ತಿದಂತಿರಬೇಕು, ಮೂಲೆಗಳಲ್ಲಿ ಬೆರಳು ತೂರಬಾರದು.

ನೀರು ಹಾಕುವ ಮುಂಚೆ ಪಾತ್ರೆಗೆ ಬಿಸಿನೀರು ಹೊಯ್ದು ಎರಡು ನಿಮಿಷ ಬಿಟ್ಟು ಚೆಲ್ಲಿ. ಇಲ್ಲದಿದ್ದರೆ 300 ಗ್ರಾಂ ತಣ್ಣನೆ ಸ್ಟೀಲೇ 2 ಡಿಗ್ರಿ ಕಸಿದುಕೊಳ್ಳುತ್ತದೆ. ಅರ್ಧ ಪಾತ್ರೆ ತುಂಬಿದರೆ ಶಾಖ ಅರ್ಧ, ಅದು ಸೋರುವ ಮೈ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಬೇಗ ಆರುತ್ತದೆ. ಬಾಯಿತನಕ ತುಂಬಿ.

ಸರಿಯಾಗಿ ಕಟ್ಟಿದ ಡಬ್ಬಿಯಲ್ಲಿ 90 ಡಿಗ್ರಿಯ ನೀರು, ಕೋಣೆ 25 ಡಿಗ್ರಿ ಇದ್ದಾಗ, ಆರು ಗಂಟೆಯ ಮೇಲೆ ಲೆಕ್ಕದ ಪ್ರಕಾರ 65ರಿಂದ 70 ಡಿಗ್ರಿಯಲ್ಲಿರಬೇಕು. ಅದೇ ಪಾತ್ರೆಯನ್ನು ಮುಚ್ಚಳ ಹಾಕಿ ಬಯಲಿಗೆ ಇಟ್ಟರೆ ಒಂದೇ ಗಂಟೆಯಲ್ಲಿ ಅಲ್ಲಿಗಿಳಿಯುತ್ತದೆ. ಪದೇಪದೇ ಮುಚ್ಚಳ ತೆಗೆದು ನೋಡಿದರೆ ಅಳತೆಯೇ ಕೆಡುತ್ತದೆ, ಮೊದಲೊಮ್ಮೆ ಕೊನೆಗೊಮ್ಮೆ ಥರ್ಮಾಮೀಟರ್ ಇಟ್ಟರೆ ಸಾಕು. ನಡುವೆ ಡಬ್ಬಿಯ ಹೊರಮೈಗೆ ಅಂಗೈ ಒತ್ತಿ ನೋಡಿ. ಮೇಲೆ ಬೆಚ್ಚಗಿದ್ದರೆ ದಿಂಬಿನ ಸಂದಿ, ಕೆಳಗೆ ಬೆಚ್ಚಗಿದ್ದರೆ ತಳ ಕುಗ್ಗಿದೆ. ಒಂದು ಪಕ್ಕ ಮಾತ್ರ ಬೆಚ್ಚಗಿದ್ದರೆ ಪಾತ್ರೆ ಅತ್ತ ಸರಿದಿದೆ.

ಎರಡು ಮಾತು ಬೇರೆ ಸಾಮಾನಿನ ಬಗ್ಗೆ. ಅಲ್ಯೂಮಿನಿಯಂ ಹಾಳೆಯ ಹೊಳಪು ವಿಕಿರಣವನ್ನು, ಅಂದರೆ ಬಿಸಿ ಮೈಯಿಂದ ಕಿರಣವಾಗಿ ಹೊಮ್ಮುವ ಶಾಖವನ್ನು, ತಡೆಯುವುದು ಅದರ ಮುಂದೆ ಒಂದಿಷ್ಟು ಗಾಳಿಯ ಜಾಗವಿದ್ದಾಗ ಮಾತ್ರ. ಹತ್ತಿಯ ನಡುವೆ ಒತ್ತಿಟ್ಟರೆ ಪ್ರಯೋಜನವಿಲ್ಲ. ಯಾದಗಿರಿ ಕಡೆಯ ಮಕ್ಕಳಿಗೆ ಶಹಾಪುರ, ಸುರಪುರದ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ. ಅದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ, ಭಾರಕ್ಕೆ ಹತ್ತಿಯಷ್ಟು ಕುಗ್ಗುವುದೂ ಇಲ್ಲ, ತಳಕ್ಕೂ ಹಾಕಬಹುದು. ಕಲಬುರಗಿ, ಬೀದರ ಕಡೆ ಕೈಗೆ ಸಿಗುವ ತೊಗರಿ ಹೊಟ್ಟೂ ಆದೀತು, ಆದರೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ.

ಒದ್ದೆಯಾಗುವುದೇ ಈ ಡಬ್ಬಿಯ ದೊಡ್ಡ ಶತ್ರು. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಬಳಸಿದ ಮೇಲೆ ದಿಂಬು, ಕೊಳವೆ ಹೊರತೆಗೆದು ಬಿಸಿಲಿಗಿಡಿ. ಇದರಲ್ಲಿ ಹಾಲು, ಅನ್ನ ಮಾತ್ರ ಹೊತ್ತುಗಟ್ಟಲೆ ಇಡಬೇಡಿ. 60 ಡಿಗ್ರಿಗಿಂತ ಕೆಳಗಿಳಿದ ಬೆಚ್ಚನೆ ಹಾಲಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ.